ನಮ್ಮ ರೇಡಿಯೊಗೆ ಅಕ್ಷರದ ಹೆಸರೇಕಿಲ್ಲ?

ಪ್ರಶ್ನೆ: ಅಮೆರಿಕದ ಕೇಂದ್ರಗಳು ‘ಡಬ್ಲ್ಯು’, ‘ಕೆ’ಯಿಂದ ಶುರುವಾಗುವ ಅಕ್ಷರಗಳಲ್ಲಿ ಹೆಸರು ಹೇಳಿಕೊಳ್ಳುತ್ತವಂತೆ. ನಮ್ಮವೇಕೆ ಹೇಳುವುದಿಲ್ಲ?
– ಓದುಗರೊಬ್ಬರು, ನಿಜಲಿಂಗಪ್ಪ ಬಡಾವಣೆ, ದಾವಣಗೆರೆ

ಉತ್ತರ: ಅಂತರರಾಷ್ಟ್ರೀಯ ಹಂಚಿಕೆಯಲ್ಲಿ ನಮಗೂ ಅಕ್ಷರಗಳಿವೆ, ‘ವಿಯು’ ಅವುಗಳಲ್ಲೊಂದು. ಹ್ಯಾಮ್ ಹವ್ಯಾಸಿಗಳು ಇಂದಿಗೂ ವಿಯು2, ವಿಯು3 ಎಂದೇ ತಮ್ಮನ್ನು ಕರೆದುಕೊಳ್ಳುತ್ತಾರೆ. ಬಾನುಲಿಗೆ ಮಾತ್ರ ಊರ ಹೆಸರೇ ಗುರುತು. ಮುಳ್ಳನ್ನು 675ರ ಹತ್ತಿರ ತಿರುಗಿಸಿ, ಕರಕರ ಸದ್ದು ಅಡಗಿದ ಮೇಲೆ ‘ಆಕಾಶವಾಣಿ, ಭದ್ರಾವತಿ’ ಕೇಳಿಸಿಕೊಂಡವರು ನಿಮ್ಮ ಬಡಾವಣೆಯಲ್ಲೂ ಇದ್ದಾರು.

ಆ ‘ಆಕಾಶವಾಣಿ’ಯೇ ಮರುಬಳಕೆಯ ಹೆಸರು! 1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರಯಂತ್ರವಿಟ್ಟು ನಡೆಸಿದ ಕೇಂದ್ರದ ಹೆಸರದು. ಮುಂದೆ 1950ರ ದಶಕದಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ದೇಶಕ್ಕೆಲ್ಲ ಇಟ್ಟುಕೊಂಡಿತು. ನಾಲ್ಕು ಅಕ್ಷರಕ್ಕಿಂತ ಇದೇ ಚೆಂದ ಅನ್ನಿಸುತ್ತದೆ ನನಗೆ.