ತಾನಾಗಿ ಚಾಲೂ ಆಗುವ ಹಳೇ ಆಂಪ್ಲಿಫೈಯರ್

ಒಂದೇ ಕಡೆಯಿಂದ ನಾಲ್ಕಾರು ಕೋಣೆಗಳಿಗೆ ಹಾಡು, ಪ್ರಾರ್ಥನೆ, ಪ್ರಕಟಣೆ ಕಳಿಸುವ ಹಳೇ ಆಂಪ್ಲಿಫೈಯರ್‌ಗಳು ದನಿಯಲ್ಲಿ ಇಂದಿಗೂ ಹಿಂದೆ ಬಿದ್ದಿಲ್ಲ. ಕೊರತೆ ಒಂದೇ: ಹೋಗಿ ಯಾರಾದರೂ ಸ್ವಿಚ್ ಒತ್ತಬೇಕು. ದಾಂಡೇಲಿಯ ಹೋಂಸ್ಟೇ ಇರಲಿ, ಹಳಿಯಾಳದ ಶಾಲೆ ಇರಲಿ, ಮುಂಡಗೋಡದ ಟಿಬೆಟನ್ ಕಾಲೊನಿಯ ಸಭಾಂಗಣ ಇರಲಿ, ಆಂಪ್ಲಿಫೈಯರ್ ಇರುವುದು ಮೂಲೆಯ ಕಪಾಟಿನಲ್ಲಾದರೆ ಅದನ್ನು ಸದಾ ಚಾಲೂ ಇಟ್ಟುಬಿಡುವುದೇ ರೂಢಿಯಾಗುತ್ತದೆ. ಸುಮ್ಮನಿದ್ದಾಗ 40 ವ್ಯಾಟ್ ಎಳೆಯುವ ಯಂತ್ರ ಹೀಗೆ ತಿಂಗಳಿಗೆ ಸುಮಾರು 29 ಯೂನಿಟ್ ತಿನ್ನುತ್ತದೆ. ಒಳಗಿನ ಕಾವಿಗೆ ಕೆಪಾಸಿಟರ್‌ಗಳೂ ಬೇಗ ಒಣಗುತ್ತವೆ. ಯಂತ್ರವನ್ನು ಗುಜರಿಗೆ ಹಾಕುವ ಬದಲು ಅದಕ್ಕೊಂದು ಸ್ವಿಚ್ಚಿನ ವ್ಯವಸ್ಥೆಯನ್ನು ಮನೆಯಲ್ಲೇ ಕಟ್ಟಬಹುದು.

ಮೊದಲು ಆಂಪ್ಲಿಫೈಯರ್‌ನ ಬೆನ್ನು ನೋಡಬೇಕು. ಅಲ್ಲಿ ‘12 ವೋಲ್ಟ್ ಟ್ರಿಗರ್’ ಎಂಬ ಸಣ್ಣ ತೂತು ಇದ್ದರೆ ಅರ್ಧ ಕೆಲಸ ಮುಗಿದಂತೆ. ಹಾಡು ಶುರುವಾದಾಗ ಆ ತೂತಿಗೆ 12 ವೋಲ್ಟ್ ಕೊಟ್ಟರೆ ಸಾಕು. ಕೆಲವು ಯಂತ್ರಗಳು ಒಳಬರುವ ದನಿಯನ್ನು ತಾವೇ ಗುರುತಿಸಿ ಎಚ್ಚರಗೊಳ್ಳುತ್ತವೆ. ಆದರೆ ಮೆಲುದನಿಯ ಭಜನೆ ಅವುಗಳಿಗೆ ಕೇಳಿಸದೆ ಹೋಗುವುದುಂಟು, ಹಾಡಿನ ಮೊದಲ ಸಾಲು ನುಂಗಿಹೋಗುವುದೂ ಉಂಟು. ಒತ್ತಿ ಬಿಡುವ ಬಟನ್ ಮಾತ್ರ ಇದ್ದರೆ ಅದರ ಎರಡು ತುದಿಗಳಿಗೆ ಪಿಸಿ817 ಆಪ್ಟೋಕಪ್ಲರ್ ಕೂಡಿಸಿ, ಬೆರಳಿನ ಕೆಲಸವನ್ನು ಅದರಿಂದ ಮಾಡಿಸಬಹುದು. ಅದೇ ಬಟನ್ ಆರಿಸಲೂ ಬಳಕೆಯಾಗುವುದರಿಂದ, ಯಂತ್ರ ಈಗ ಚಾಲೂ ಇದೆಯೋ ಇಲ್ಲವೋ ಎಂದು ಅದರ ದೀಪದಿಂದ ತಿಳಿದುಕೊಳ್ಳುವ ಏರ್ಪಾಡೂ ಬೇಕು.

ಇದ್ಯಾವುದೂ ಇಲ್ಲದ ಹಳೇ ಯಂತ್ರಗಳಿಗೆ ಉಳಿಯುವುದು 230 ವೋಲ್ಟಿನ ಲೈನನ್ನೇ ಕಡಿದು ಕೂಡಿಸುವ ರಿಲೇ. ಹೆಚ್ಚಿನವರು ಎಡವುವುದು ಇಲ್ಲಿಯೇ. 300 ವ್ಯಾಟಿನ ಆಂಪ್ಲಿಫೈಯರ್ ಓಡುವಾಗ ಎಳೆಯುವುದು ಸುಮಾರು 1.3 ಆಂಪಿಯರ್ ಅಷ್ಟೇ, ಹಾಗಾಗಿ 10 ಆಂಪಿಯರ್‌ನ ‘ಶುಗರ್ ಕ್ಯೂಬ್’ ರಿಲೇ ಧಾರಾಳವಾಯಿತು ಎನಿಸುತ್ತದೆ. ಆದರೆ ಆಂಪ್ಲಿಫೈಯರ್‌ನೊಳಗಿನ ದೊಡ್ಡ ಟ್ರಾನ್ಸ್‌ಫಾರ್ಮರ್ ಚಾಲೂ ಆದ ಮೊದಲ ಕ್ಷಣದಲ್ಲಿ ಹತ್ತು ಪಟ್ಟಿಗೂ ಮೀರಿ ಕರೆಂಟ್ ಎಳೆಯಬಲ್ಲದು. ಪ್ರತಿ ಸಲ ಕಿಡಿ ಹಾರಿ, ಒಂದು ದಿನ ರಿಲೇಯ ಕಾಂಟ್ಯಾಕ್ಟ್‌ಗಳು ಬೆಸೆದುಕೊಂಡುಬಿಡುತ್ತವೆ. ಆಮೇಲೆ ಯಂತ್ರ ಆರುವುದೇ ಇಲ್ಲ. ಇದಕ್ಕೆ 30 ಆಂಪಿಯರ್‌ನ ರಿಲೇ ಇಲ್ಲವೇ ಕಾಂಟ್ಯಾಕ್ಟರ್ ಹಾಕಿ, ಸರಣಿಯಲ್ಲಿ ಎನ್‌ಟಿಸಿ ಥರ್ಮಿಸ್ಟರ್ ಕೂಡಿಸುವುದು ಸರಿಯಾದ ದಾರಿ. ಸೊನ್ನೆ ವೋಲ್ಟೇಜಿನಲ್ಲಿ ಚಾಲೂ ಮಾಡುವ ಸಾಲಿಡ್ ಸ್ಟೇಟ್ ರಿಲೇ ಹೀಟರಿಗೆ ಒಳ್ಳೆಯದು, ಟ್ರಾನ್ಸ್‌ಫಾರ್ಮರಿಗೆ ಅಲ್ಲ.

ರಿಲೇಗೆ ಆಜ್ಞೆ ಕೊಡಲು ನೋಡ್‌ಎಂಸಿಯುನಂಥ ಅಗ್ಗದ ಬೋರ್ಡ್ ಸಾಕು. ಅದರ ಪಿನ್ ಸುಮಾರು 12 ಮಿಲಿಆಂಪಿಯರ್ ಕೊಟ್ಟೀತು. ಚಿಕ್ಕ 5 ವೋಲ್ಟ್ ರಿಲೇಯ ಕಾಯಿಲ್ ಕೂಡ 70ರಷ್ಟು ಬೇಡುತ್ತದೆ. ಆದ್ದರಿಂದ ನಡುವೆ ಟ್ರಾನ್ಸಿಸ್ಟರ್ ಬೇಕು, ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಬೇಕು. ಇಷ್ಟೂ ಬೇಡವೆನ್ನುವವರು ಹಾಡು ಕಳಿಸುವ ಪೆಟ್ಟಿಗೆಯ ಯುಎಸ್‌ಬಿ ಕಿಂಡಿಯಿಂದಲೇ ರಿಲೇ ನಡೆಸಬಹುದು. ಪೆಟ್ಟಿಗೆ ಆರಿದಾಗ ಆ ಕಿಂಡಿಯ 5 ವೋಲ್ಟ್ ಕೂಡ ನಿಲ್ಲುತ್ತದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಬೇಕು.

ಈ ವಿದ್ಯೆ ಇಲ್ಲಿನ ಹೊಲಗಳಿಗೆ ಹೊಸದಲ್ಲ. ಹಳಿಯಾಳದ ಕಬ್ಬಿನ ಗದ್ದೆಯ ಪಂಪ್‌ಸೆಟ್‌ಗೆ ಕೂಡಿಸುವ ಆಟೋ ಸ್ಟಾರ್ಟರ್ ಮಾಡುವುದೂ ಇದನ್ನೇ: ಕರೆಂಟ್ ಬಂದಿತೇ, ಮೂರೂ ಫೇಸ್ ಇವೆಯೇ ಎಂದು ನೋಡಿ, ಕೆಲವು ಸೆಕೆಂಡ್ ತಡೆದು ಮೋಟಾರ್ ಎಬ್ಬಿಸುತ್ತದೆ. ಆ ತಡೆ ಆಂಪ್ಲಿಫೈಯರಿಗೂ ಬೇಕು. ಜೋಯಿಡಾದ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಬೋರ್ಡ್ ಮರಳಿ ಎಚ್ಚರವಾಗುವ ಗಳಿಗೆಯಲ್ಲಿ ಕೆಲವು ಪಿನ್‌ಗಳು ಸುಳ್ಳು ಸಂಜ್ಞೆ ಕೊಡುತ್ತವೆ. ಡಿ1, ಡಿ2 ಪಿನ್‌ಗಳು ಆಗ ತೆಪ್ಪಗಿರುವುದರಿಂದ ರಿಲೇಯನ್ನು ಅವುಗಳಿಗೆ ಕೂಡಿಸುವುದು ಕ್ಷೇಮ. ಸ್ಪೀಕರ್‌ನಲ್ಲಿ ‘ಧಡ್’ ಎನ್ನದಿರಲು ಹಾಡಿನ ಪೆಟ್ಟಿಗೆ ಮೊದಲು, ಆಂಪ್ಲಿಫೈಯರ್ ಆಮೇಲೆ ಚಾಲೂ ಆಗಬೇಕು. ಆರಿಸುವಾಗ ಆಂಪ್ಲಿಫೈಯರ್ ಮೊದಲು.

ಅಂಗಳದ ಸ್ಪೀಕರ್‌ಗಳಿದ್ದಲ್ಲಿ ಸಮಯದ ಬೀಗವೂ ಇರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಂತೂ ಅದು ಪಾಲಿಸಲೇಬೇಕಾದ ಮಾತು. ಬೋರ್ಡಿನ ಗಡಿಯಾರಕ್ಕೆ ಈ ಎರಡು ಹೊತ್ತು ತಿಳಿಸಿಟ್ಟರೆ ಯಾರೂ ನೆನಪಿಡಬೇಕಿಲ್ಲ.

230 ವೋಲ್ಟಿನ ಭಾಗವನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಫ್ಯೂಸ್ ಮತ್ತು ಅರ್ಥಿಂಗ್ ತಪ್ಪಿಸದೆ, ಅದೊಂದನ್ನು ಮಾತ್ರ ಪಂಪ್ ಸ್ಟಾರ್ಟರ್ ಕಟ್ಟಿ ಪಳಗಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.