ತುದಿಗಾಲಿನ ಮೇಳ

ಹತ್ತು ಗಂಡಸರ ಮೇಳ. ಒಬ್ಬ ಮುಂದಾಳು, ಒಬ್ಬ ಏರುದನಿಯವನು, ಒಬ್ಬ ನಡುದನಿಯವನು. ಉಳಿದ ಏಳೂ ಜನ ಮಂದ್ರದವರು. ದಕ್ಷಿಣ ಆಫ್ರಿಕದ ‘ಲೇಡಿಸ್ಮಿತ್ ಬ್ಲ್ಯಾಕ್ ಮಾಂಬಾಜೊ’ ಆರು ದಶಕಗಳಿಂದ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ಹಾಡುತ್ತ ಬಂದಿದೆ. ಕೈಯಲ್ಲಿ ವಾದ್ಯವಿಲ್ಲ, ಶ್ರುತಿ ಹಿಡಿದುಕೊಳ್ಳಲು ಒಂದು ತಂಬೂರಿಯೂ ಇಲ್ಲ.

ಏಳು ದಪ್ಪ ದನಿಗಳು ಕೂಡಿದರೆ ಗುಡುಗಬೇಕಲ್ಲವೇ? ಗುಡುಗುವುದಿಲ್ಲ. ಏಳೂ ಜನ ದನಿಯನ್ನು ಎದೆಯಲ್ಲೇ ತಡೆದು, ಬೇಕಾದಷ್ಟನ್ನೇ ಬಿಡುತ್ತಾರೆ. ಯಾರ ದನಿ ಯಾವುದೆಂದು ಬಿಡಿಸಿ ಹೇಳಲಾಗದು. ನೆಲ ಕಾಣದಂತೆ ಹಾಸಿದ ಕಂಬಳಿಯ ಹಾಗೆ ಮಂದ್ರ ಹರಡಿಕೊಳ್ಳುತ್ತದೆ. ಅದರ ಮೇಲೆ ಮುಂದಾಳಿನ ಒಂಟಿ ದನಿ ನಡೆದು ಹೋಗುತ್ತದೆ. ಮೆಲ್ಲಗೆ ಹಾಡುವುದು ಗಟ್ಟಿಯಾಗಿ ಹಾಡುವುದಕ್ಕಿಂತ ಕಷ್ಟ ಎಂಬುದು ಹಾಡುವವರಿಗೆ ಗೊತ್ತು. ಉಸಿರು ಕಮ್ಮಿಯಾದಾಗ ಶ್ರುತಿ ಜಾರುತ್ತದೆ. ಏಳು ಜನ ಒಟ್ಟಿಗೆ ಜಾರದೆ ನಿಲ್ಲುವುದು ಈ ಮೇಳದ ಮೊದಲ ಸಾಧನೆ.

ನಮ್ಮ ಭಜನೆಯ ಕಿವಿಗೆ ಈ ಸಂಗೀತ ತುಸು ಹೊಸದು. ಭಜನೆಯಲ್ಲಿ ಮುಂದಾಳು ಹೇಳಿದ್ದನ್ನು ಉಳಿದವರು ಅದೇ ಸ್ವರಗಳಲ್ಲಿ ಎತ್ತಿಕೊಳ್ಳುತ್ತಾರೆ. ಇಲ್ಲಿ ಒಬ್ಬ ಪಂಚಮದಲ್ಲಿದ್ದರೆ ಇನ್ನೊಬ್ಬ ಗಾಂಧಾರದಲ್ಲಿ, ಮಂದ್ರದವರು ಷಡ್ಜದಲ್ಲಿ ನಿಂತಿರುತ್ತಾರೆ. ಒಂದೇ ಮಾತು ಮೂರು ಎತ್ತರಗಳಿಂದ ಒಟ್ಟಿಗೆ ಕೇಳುತ್ತದೆ. ಮುಂದಿನ ಮಾತಿಗೆ ಎಲ್ಲರೂ ಒಂದೇ ಗಳಿಗೆಯಲ್ಲಿ ಜಾಗ ಬದಲಿಸುತ್ತಾರೆ. ಹಾಡಿನ ಮೊದಲ ಭಾಗಕ್ಕೆ ತಾಳವೇ ಇರುವುದಿಲ್ಲ, ನಮ್ಮ ಆಲಾಪದಂತೆ ನಿಧಾನ. ತಾಳ ಬರುವುದು ಆಮೇಲೆ, ಮುಂದಾಳು ಕೇಳಿ ಮೇಳ ಉತ್ತರಿಸುವ ಭಾಗದಲ್ಲಿ. ಕಾಲುಗಳು ಏಳುವುದೂ ಆಗಲೇ.

ಆ ಕಾಲುಗಳಿಂದಲೇ ಈ ಕಲೆಗೆ ಹೆಸರು ಬಂದದ್ದು. ಇಸಿಕಾತಮಿಯಾ. ಜುಲು ಭಾಷೆಯಲ್ಲಿ ಸದ್ದಾಗದಂತೆ, ಬೆಕ್ಕಿನ ಹಾಗೆ ನಡೆಯುವುದಕ್ಕೆ ಸಂಬಂಧಿಸಿದ ಪದ. ನಾನು ‘ಕ’ ಎಂದು ಬರೆದಿರುವುದು ನಿಜವಾಗಿ ‘ಕ’ ಅಲ್ಲ. ‘ಅಯ್ಯೋ ಪಾಪ’ ಎನ್ನುವಾಗ ನಾವು ಲೊಚಗುಟ್ಟುತ್ತೇವಲ್ಲ, ನಾಲಗೆ ಹಲ್ಲಿಗಂಟಿ ಬಿಡುವ ಆ ಸದ್ದು ಜುಲುವಿನಲ್ಲಿ ಒಂದು ವ್ಯಂಜನ. ಈ ಹಾಡುಗಳ ನಡುವೆ ಚಿಟಿಕೆ ಹೊಡೆದಂತೆ ಕೇಳುವ ಸದ್ದುಗಳಲ್ಲಿ ಎಷ್ಟೋ ಹೀಗೆ ಪದಗಳ ಒಳಗಿನಿಂದಲೇ ಬಂದವು.

ಸದ್ದಿಲ್ಲದೆ ನಡೆಯುವ ಅಗತ್ಯ ಏಕೆ ಬಂತು? ಗಣಿಗಳಿಗೆ, ಕಾರ್ಖಾನೆಗಳಿಗೆ ದುಡಿಯಲು ಹಳ್ಳಿಗಳಿಂದ ಬಂದ ಕಪ್ಪು ಗಂಡಸರನ್ನು ಹಾಸ್ಟೆಲುಗಳಲ್ಲಿ ಇಡುತ್ತಿದ್ದರು. ಹೆಂಡತಿ ಮಕ್ಕಳು ಊರಲ್ಲೇ. ಈ ಮೇಳಗಳು ಗಂಡಸರವೇ ಆಗಿ ಉಳಿದದ್ದಕ್ಕೆ ಅದೇ ಕಾರಣ. ಊರಿನಲ್ಲಿ ಜುಲು ಕುಣಿತವೆಂದರೆ ಮೊಣಕಾಲನ್ನು ಎದೆಯವರೆಗೆ ಎತ್ತಿ ನೆಲ ಅದುರುವಂತೆ ಅಪ್ಪಳಿಸುವುದು. ಹಾಸ್ಟೆಲಿನಲ್ಲಿ ಹಾಗೆ ಅಪ್ಪಳಿಸಿದರೆ ಕಾವಲಿನವರು ಓಡಿಬರುತ್ತಿದ್ದರು. ಅದಕ್ಕೇ ತುದಿಗಾಲಲ್ಲಿ ಕುಣಿಯುವುದನ್ನು ಕಲಿತರು ಎಂದು ಮಾಂಬಾಜೊ ಮೇಳವನ್ನು ಕಟ್ಟಿದ ಜೋಸೆಫ್ ಶಬಲಾಲ ಅವರೇ ಹೇಳುತ್ತಿದ್ದರು. ಇಂದಿಗೂ ಮಾಂಬಾಜೊದ ಗಾಯಕರು ಕಾಲನ್ನು ತಲೆಯ ಎತ್ತರಕ್ಕೆ ಬೀಸುತ್ತಾರೆ, ಬಿಳಿಯ ಶೂ ಕೆಳಗಿಳಿಯುವಾಗ ಸದ್ದೇ ಇರುವುದಿಲ್ಲ. ಸಿಟ್ಟಿನ ಹೆಜ್ಜೆಯನ್ನು ನೆಲಕ್ಕೆ ತಾಗುವ ಮೊದಲೇ ಹಿಡಿದು ನಿಲ್ಲಿಸಿದಂತೆ ನನಗೆ ಕಾಣುತ್ತದೆ.

ಶನಿವಾರ ರಾತ್ರಿಗಳಲ್ಲಿ ಈ ಗಂಡಸರು ಇಸ್ತ್ರಿಯಾದ ಕೋಟು, ಹೊಳೆಯುವ ಶೂ ತೊಟ್ಟು ಸ್ಪರ್ಧೆಗೆ ಇಳಿಯುತ್ತಿದ್ದರು. ಡರ್ಬನ್ನಿನಲ್ಲಿ, ಜೋಹಾನ್ಸ್‌ಬರ್ಗಿನಲ್ಲಿ ಬೆಳಗಾಗುವವರೆಗೆ ಒಂದಾದ ಮೇಲೊಂದು ಮೇಳ. ಪಕ್ಷಪಾತ ಬೇಡವೆಂದು, ಯಾರ ಪರಿಚಯವೂ ಇಲ್ಲದ, ಜುಲು ಭಾಷೆಯೂ ಬಾರದ ಬಿಳಿಯನೊಬ್ಬನನ್ನು ಕರೆತಂದು ತೀರ್ಪಿಗೆ ಕೂರಿಸುವ ರೂಢಿಯಿತ್ತು. ಮಾತು ತಿಳಿಯದವನಿಗೂ ಹಾಡು ಮುಟ್ಟಬೇಕಿತ್ತು.

ಮಂದ್ರಕ್ಕೆ ಇಷ್ಟು ಜನರನ್ನು ಇಡುವ ಪದ್ಧತಿ ಮಾಂಬಾಜೊದ್ದಲ್ಲ. ಸಾಲಮನ್ ಲಿಂಡಾ ಎಂಬ ಜುಲು ಗಾಯಕ ತನ್ನ ಈವ್‌ನಿಂಗ್ ಬರ್ಡ್ಸ್ ಮೇಳದಲ್ಲಿ ಅದನ್ನು ನೆಲೆಗೊಳಿಸಿದ. 1939ರಲ್ಲಿ ಆತ ಧ್ವನಿಮುದ್ರಿಸಿದ ‘ಎಂಬೂಬೆ’, ಅಂದರೆ ಸಿಂಹ, ಮುಂದೆ ಇಂಗ್ಲಿಷ್ ಮಾತುಗಳನ್ನು ಹೊದ್ದು ಲೋಕವನ್ನೆಲ್ಲ ಸುತ್ತಿತು. ಲಿಂಡಾ 1962ರಲ್ಲಿ ಬಡವನಾಗಿಯೇ ತೀರಿಕೊಂಡ. ಅವನ ಮಕ್ಕಳಿಗೆ ಆ ಹಾಡಿನ ಪಾಲು ಸಿಗಲು 2006ರ ಒಪ್ಪಂದದವರೆಗೆ ಕಾಯಬೇಕಾಯಿತು. ಆಫ್ರಿಕದ ಸಂಗೀತವನ್ನು ಮೆಚ್ಚುವವರು ಈ ಅನ್ಯಾಯವನ್ನು ಮರೆಯಬಾರದು.

ಲಿಂಡಾನ ನಂತರದ ಮೇಳಗಳು ಗಟ್ಟಿದನಿಗೆ ಬಿದ್ದವು. ಮಹಾಯುದ್ಧದ ಸುದ್ದಿಚಿತ್ರಗಳಲ್ಲಿ ಬಾಂಬು ಬೀಳುವುದನ್ನು ಕಂಡಿದ್ದ ಕಾಲ. ಕೂಗಿ ಸಿಡಿಸುವ ಆ ಶೈಲಿಗೆ ‘ಬಾಂಬಿಂಗ್’ ಎಂಬ ಹೆಸರೇ ಬಿತ್ತು. ಜೋಸೆಫ್ ಶಬಲಾಲ ಡರ್ಬನ್ನಿಗೆ ದುಡಿಯಲು ಬಂದದ್ದು ಈ ಸದ್ದಿನ ನಡುವೆ. 1964ರಲ್ಲಿ ಆರು ತಿಂಗಳ ಕಾಲ ಅವರಿಗೆ ಒಂದೇ ಕನಸು ಬೀಳುತ್ತಿತ್ತಂತೆ: ಮಕ್ಕಳ ಮೇಳವೊಂದು ನೆಲಕ್ಕೂ ಆಕಾಶಕ್ಕೂ ನಡುವೆ ತೇಲುತ್ತ ಹಾಡುತ್ತದೆ. ಎಚ್ಚರವಾದಾಗ ಆ ಸ್ವರಜೋಡಣೆ ನೆನಪಿನಲ್ಲಿರುತ್ತಿತ್ತು. ಅವರಿಗೆ ಸ್ವರಲಿಪಿ ಬಾರದು, ಬಾಯಿಂದ ಬಾಯಿಗೆ ಕಲಿಸಬೇಕು. ಕಲಿಯಲು ಸಿಕ್ಕವರು ಹೆಚ್ಚಾಗಿ ತಮ್ಮಂದಿರು, ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು. ಒಂದೇ ಮನೆತನದವರು ಸ್ವರವನ್ನು ಒಂದೇ ತೆರನಾಗಿ ಬಾಯಿ ತೆರೆದು ಆಡುತ್ತಾರೆ; ಮಾಂಬಾಜೊದ ಹೊಂದಿಕೆಯಲ್ಲಿ ಅರ್ಧ ಪಾಲು ಅದರದೇ ಎಂದು ನನ್ನ ನಂಬಿಕೆ.

ಮೇಳದ ಹೆಸರಿಗೂ ಆ ಸ್ಪರ್ಧೆಗಳ ನಂಟಿದೆ. ಲೇಡಿಸ್ಮಿತ್ ಶಬಲಾಲರ ಊರು. ಬ್ಲ್ಯಾಕ್ ಎಂದರೆ ಊರಿನ ನೇಗಿಲಿಗೆ ಕಟ್ಟುವ ಎತ್ತುಗಳಲ್ಲೆಲ್ಲ ಬಲವಾದ ಕರಿ ಎತ್ತು. ಮಾಂಬಾಜೊ ಎಂದರೆ ಕೊಡಲಿ, ಎದುರಾಳಿಗಳನ್ನು ಉರುಳಿಸುವಂಥದು. ಉರುಳಿಸಿದ್ದು ನಿಜವೇ. ಎಲ್ಲ ಬಹುಮಾನ ಇವರಿಗೇ ಹೋಗತೊಡಗಿದಾಗ ಸ್ಪರ್ಧೆಯ ಹೊರಗಿಟ್ಟು, ಬರಿಯ ಅತಿಥಿಗಳಾಗಿ ಹಾಡಲು ಕರೆದರು. 1973ರಲ್ಲಿ ಮೊದಲ ಎಲ್‌ಪಿ ‘ಅಮಬುಥೊ’ ಬಂತು.

ಎಪ್ಪತ್ತರ ದಶಕದಲ್ಲಿ ಶಬಲಾಲ ಕ್ರೈಸ್ತ ಸಭೆಯೊಂದನ್ನು ಸೇರಿ, ಮುಂದೆ ಸಭಾಪಾಲಕರೂ ಆದರು. ಅಲ್ಲಿಂದ ಮುಂದೆ ಮೇಳದ ಹಾಡುಗಳಲ್ಲಿ ಸ್ತುತಿಗೀತೆಗಳು ತುಂಬಿಕೊಂಡವು. ಇದು ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಇಸಿಕಾತಮಿಯಾದ ಹುಟ್ಟಿನಲ್ಲೇ ಮಿಷನ್ ಶಾಲೆಯ ಪ್ರಾರ್ಥನಾಗೀತೆ, ಜುಲು ಮದುವೆಯ ಹಾಡು ಎರಡೂ ಇದ್ದವು. 1890ರಲ್ಲಿ ಕಪ್ಪು ಅಮೆರಿಕನ್ನರ ಭಕ್ತಿಗೀತೆಗಳನ್ನು ಹೊತ್ತು ಬಂದ ಆರ್ಫಿಯಸ್ ಮ್ಯಾಕಡೂ ಅವರ ಗಾಯನ ತಂಡದ ನೆನಪೂ ಅದರಲ್ಲಿ ಬೆರೆತಿತ್ತು.

1986ರಲ್ಲಿ ಅಮೆರಿಕದ ಗಾಯಕ ಪಾಲ್ ಸೈಮನ್ ಅವರ, ಮಾಂಬಾಜೊ ಕೂಡ ಹಾಡಿದ್ದ ‘ಗ್ರೇಸ್‌ಲ್ಯಾಂಡ್’ ಆಲ್ಬಮ್ ಹೊರಬಂದಾಗ ಈ ದನಿಗಳನ್ನು ಲೋಕವೆಲ್ಲ ಕೇಳಿತು. ವರ್ಣಭೇದದ ದೇಶದ ಮೇಲೆ ಸಾಂಸ್ಕೃತಿಕ ಬಹಿಷ್ಕಾರವಿದ್ದ ಕಾಲ. ಸೈಮನ್ ಅದನ್ನು ಮುರಿದರೆಂದು ಕಟುವಾದ ಟೀಕೆ ಬಂತು, ಆ ಟೀಕೆಯಲ್ಲಿ ಹುರುಳೂ ಇತ್ತು. ಆದರೆ ಬಿಳಿಯನೊಬ್ಬ ತನ್ನನ್ನು ಅಪ್ಪಿಕೊಂಡದ್ದು ಅದೇ ಮೊದಲೆಂದು ಶಬಲಾಲ ಹೇಳಿಕೊಂಡದ್ದನ್ನೂ ನಾವು ಕೇಳಿಸಿಕೊಳ್ಳಬೇಕು. 1988ರಲ್ಲಿ ಮೇಳದ ‘ಶಾಕಾ ಜುಲು’ ಆಲ್ಬಮ್ಮಿಗೆ ಗ್ರ್ಯಾಮಿ ಬಂತು. ಅದೂ ಸೇರಿ 2018ರ ಹೊತ್ತಿಗೆ ಐದು.

ಪ್ರಶಸ್ತಿಗಳಿಗಿಂತ ನನ್ನನ್ನು ತಡೆದು ನಿಲ್ಲಿಸುವುದು 1991ರ ಡಿಸೆಂಬರ್. ಶಬಲಾಲರ ತಮ್ಮ, ಮೇಳದ ಮಂದ್ರಗಾಯಕ ಹೆಡ್‌ಮನ್, ಬಿಳಿಯ ಸೆಕ್ಯುರಿಟಿ ಗಾರ್ಡ್ ಒಬ್ಬನ ಗುಂಡಿಗೆ ಬಲಿಯಾದರು. ಎರಡು ವರ್ಷದ ನಂತರ ಓಸ್ಲೊದಲ್ಲಿ ನೆಲ್ಸನ್ ಮಂಡೇಲಾ ನೊಬೆಲ್ ಶಾಂತಿ ಪ್ರಶಸ್ತಿ ಪಡೆಯುವಾಗ ಅವರ ಜೊತೆಗಿದ್ದದ್ದು ಇದೇ ಮೇಳ. ಆ ದುಃಖವನ್ನು ಹೊತ್ತವರು ದನಿಯೇರಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಎಂದಿನಂತೆ ಮೆಲ್ಲಗೇ ಹಾಡಿದರು.

ಶಬಲಾಲ 2014ರಲ್ಲಿ ಮೇಳವನ್ನು ಮಕ್ಕಳ ಕೈಗಿಟ್ಟರು; 2020ರ ಫೆಬ್ರವರಿ 11ರಂದು ತೀರಿಕೊಂಡರು. ಮೇಳ ನಿಲ್ಲಲಿಲ್ಲ. ಮೊದಲ ಸಲ ಕೇಳುವವರು ‘ಶಾಕಾ ಜುಲು’ವಿನಿಂದ ಆರಂಭಿಸಿ. ರಾತ್ರಿ ಊರು ಮಲಗಿದ ಮೇಲೆ, ಇಯರ್‌ಫೋನ್ ಹಾಕಿಕೊಂಡು. ಮುಂದಾಳಿನ ಬೆನ್ನು ಹತ್ತಬೇಡಿ, ಅವನು ಹೇಗೂ ಕೇಳಿಸುತ್ತಾನೆ. ಕೆಳಗಿನ ಏಳು ದನಿಗಳಿಗೆ ಕಿವಿ ಕೊಡಿ.