ಅಡಿಕೆ ಮರದ ಉಂಗುರ ನೇರವಾಗಿಲ್ಲ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಯಾವ ಮಗುವಿಗಾದರೂ ಅಡಿಕೆ ಮರ ಬರೆಯಲು ಹೇಳಿ. ಎರಡು ಉದ್ದ ಗೆರೆ, ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡಗೆರೆಗಳು, ತುದಿಯಲ್ಲಿ ನಾಲ್ಕು ಸೋಗೆ. ಪೆನ್ಸಿಲನ್ನು ಅಪ್ಪನ ಕೈಗೆ ಕೊಟ್ಟರೂ ಹೆಚ್ಚುಕಡಿಮೆ ಇದೇ ಚಿತ್ರ. ಬೆಳಗಾದರೆ ತೋಟದಲ್ಲೇ ಇರುವ ಮನುಷ್ಯ! ಹಾಳೆ ಕಳಚಿ ಬಿದ್ದಲ್ಲಿ ಉಳಿಯುವ ಆ ಉಂಗುರ ಅಡ್ಡಗೆರೆಯಾಗಿ ಕಾಣುವುದು ಒಂದೇ ಎತ್ತರದಲ್ಲಿ, ನಮ್ಮ ಕಣ್ಣಿನ ಮಟ್ಟದಲ್ಲಿ. ಅದಕ್ಕಿಂತ ಮೇಲಿನ ಉಂಗುರಗಳ ನಡುಭಾಗ ಮೇಲಕ್ಕೆ ಬಾಗಿರುತ್ತದೆ, ಕೆಳಗಿನವುಗಳದು ಕೆಳಕ್ಕೆ. ಕಣ್ಣಿನ ಮಟ್ಟದಿಂದ ದೂರ ಸರಿದಷ್ಟೂ ಬಾಗು ಹೆಚ್ಚುತ್ತದೆ. ಮರದ ಪಕ್ಕ ನಿಂತು ನೋಡಿದರೆ ಯಾರಿಗೂ ಇದು ಕಾಣುತ್ತದೆ, ಕಾಗದದ ಮೇಲೆ ಮಾತ್ರ ಬರುವುದಿಲ್ಲ.

ಚಿತ್ರ ಬಾರದವರೆಲ್ಲ ಬೈಯುವುದು ತಮ್ಮ ಕೈಯನ್ನು. ಡೇಲ್ ಕೋಹೆನ್ ಮತ್ತು ಸೂಸನ್ ಬೆನೆಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1997ರಲ್ಲಿ ಈ ದೂರನ್ನೇ ಪರೀಕ್ಷೆಗೆ ಒಡ್ಡಿದರು. ಚಿತ್ರ ತಪ್ಪಲು ಕಾರಣ ಕೈಯೋ, ಏನನ್ನು ಬರೆಯಬೇಕು ಏನನ್ನು ಬಿಡಬೇಕು ಎಂಬ ಆಯ್ಕೆಯೋ, ತಾನು ಬರೆದದ್ದರ ತಪ್ಪು ತನಗೇ ಕಾಣದಿರುವುದೋ, ಅಥವಾ ಎದುರಿನ ವಸ್ತುವನ್ನು ತಪ್ಪಾಗಿ ಗ್ರಹಿಸುವುದೋ? ಚಿತ್ರ ಬಾರದು ಎನ್ನುವವರೂ ಫೋಟೋದ ಮೇಲೆ ಗೆರೆ ಎಳೆದು ಅಚ್ಚು ತೆಗೆಯಲು ಕೊಟ್ಟರೆ ಚೆನ್ನಾಗಿಯೇ ತೆಗೆಯುತ್ತಾರೆ. ಹಾಗಾಗಿ ಕೈ ಬಹುಪಾಲು ನಿರ್ದೋಷಿ. ಮುಖ್ಯ ಅಪರಾಧಿ ಗ್ರಹಿಕೆ ಎಂಬುದು ಅವರ ತೀರ್ಮಾನ.

ಗ್ರಹಿಕೆ ಹೀಗೆ ಮೋಸ ಮಾಡಲು ಒಳ್ಳೆಯ ಕಾರಣವೇ ಇದೆ. ಊಟದ ತಟ್ಟೆ ಕಣ್ಣಿನ ಪರದೆಯ ಮೇಲೆ ಗುಂಡಗೆ ಬೀಳುವುದು ತೀರ ಅಪರೂಪ. ಓರೆಯಿಂದ ನೋಡಿದಾಗೆಲ್ಲ ಅದೊಂದು ಚಪ್ಪಟೆ ದೀರ್ಘವೃತ್ತ. ಆದರೆ ತಟ್ಟೆ ಗುಂಡಗಿದೆ ಎಂದು ಮಿದುಳಿಗೆ ಗೊತ್ತು, ಬದುಕಲು ಬೇಕಾದದ್ದೂ ಆ ತಿಳಿವಳಿಕೆಯೇ. ಬ್ರಿಟನ್ನಿನ ರಾಬರ್ಟ್ ಥೌಲೆಸ್ 1931ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಓರೆಯಾಗಿಟ್ಟ ಬಿಲ್ಲೆ ಯಾವ ಆಕಾರದಲ್ಲಿ ಕಾಣುತ್ತದೆ ಎಂದು ಕೇಳಲಾಗಿತ್ತು. ಜನರ ಉತ್ತರ ಕಣ್ಣಿಗೆ ಬೀಳುವ ಆಕಾರಕ್ಕೂ ನಿಜವಾದ ಗುಂಡು ಆಕಾರಕ್ಕೂ ನಡುವೆ ಎಲ್ಲೋ ಇತ್ತು. ಚಿತ್ರ ಬರೆಯುವಾಗಲೂ ಇದೇ ರಾಜಿ ನಡೆಯುತ್ತದೆ. ಅಡಿಕೆ ಮರದಲ್ಲಿ ಅದು ಇನ್ನೊಂದು ರೂಪ ತಾಳುತ್ತದೆ: ಉಂಗುರ ಕಾಂಡಕ್ಕೆ ಅಡ್ಡಲಾಗಿದೆ ಎಂಬುದು ಗೊತ್ತು, ಆದ್ದರಿಂದ ಅಡ್ಡಗೆರೆ.

ಈ ಮೋಸವನ್ನು ತಪ್ಪಿಸಲು ತಲೆಕೆಳಗಾಗಿ ಇಟ್ಟ ಚಿತ್ರವನ್ನು ನಕಲು ಮಾಡಿಸುವ ಅಭ್ಯಾಸ ಜನಪ್ರಿಯವಾದದ್ದು 1979ರಲ್ಲಿ ಬಂದ ಬೆಟ್ಟಿ ಎಡ್ವರ್ಡ್ಸ್ ಅವರ ಪುಸ್ತಕದಿಂದ. ಮಿದುಳಿನ ಬಲಭಾಗ ಚಿತ್ರಕ್ಕೆ, ಎಡಭಾಗ ಮಾತಿಗೆ ಎಂಬ ಅವರ ವಿವರಣೆಯನ್ನು ಇಂದಿನ ನರವಿಜ್ಞಾನ ಅಷ್ಟು ಸರಳವಾಗಿ ಒಪ್ಪುವುದಿಲ್ಲ. ಅಭ್ಯಾಸಕ್ಕೆ ಮಾತ್ರ ಅದರಿಂದ ಕುಂದಿಲ್ಲ. ತಲೆಕೆಳಗಾದ ಮೂಗು ಮೂಗೆಂದು ಚಟ್ಟನೆ ಹೊಳೆಯದಿದ್ದರೆ ಕಣ್ಣಿಗೆ ಗೆರೆಯನ್ನು ಗೆರೆಯಾಗಿ ನೋಡದೆ ಬೇರೆ ದಾರಿಯಿಲ್ಲ.

ಅಳೆಯುವುದು ಇನ್ನೊಂದು ದಾರಿ, ಅದಕ್ಕೊಂದು ಹಿಡಿಕಡ್ಡಿ ಸಾಕು. ಒಂದು ಕಣ್ಣು ಮುಚ್ಚಿ, ಕಡ್ಡಿ ಹಿಡಿದ ಕೈಯನ್ನು ಪೂರಾ ಚಾಚಿ, ಮರದ ದಪ್ಪ ಕಡ್ಡಿಯ ಎಷ್ಟು ಭಾಗ, ಎತ್ತರ ಅಂಥ ಎಷ್ಟು ಭಾಗ ಎಂದು ಗುರುತಿಸಬೇಕು. ಮೊಣಕೈ ಮಡಚಬಾರದು ಎಂದು ಡ್ರಾಯಿಂಗ್ ಮೇಷ್ಟ್ರು ಗದರುವುದು ಸುಮ್ಮನೆ ಅಲ್ಲ. ಕಣ್ಣಿಗೂ ಕಡ್ಡಿಗೂ ಇರುವ ದೂರ ಬದಲಾದರೆ ಒಂದೊಂದು ಅಳತೆಗೂ ಒಂದೊಂದು ಮಾನ ಆಗಿಬಿಡುತ್ತದೆ. ಕಣ್ಣಿನ ಮಟ್ಟ ಎಂದರೇನೆಂದು ಅರ್ಥವಾಗದವರು ನರಸಿಂಹರಾಜಪುರದ ಬಳಿಯ ಭದ್ರಾ ಹಿನ್ನೀರಿನ ದಡಕ್ಕೆ ಹೋಗಬೇಕು. ಬಹುದೂರದ ಆಚೆ ದಡದ ನೀರಿನ ಗೆರೆ ಹೆಚ್ಚುಕಡಿಮೆ ನಿಮ್ಮ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಕುಳಿತರೆ ಆ ಗೆರೆ ಹತ್ತಿರದ ಮರದ ಬುಡದ ಕಡೆ ಇಳಿಯುತ್ತದೆ, ಎದ್ದು ನಿಂತರೆ ಅದೇ ಮರದಲ್ಲಿ ಮೇಲಕ್ಕೆ ಏರುತ್ತದೆ.

ಹಾಗೆಂದು ಕೈಯನ್ನು ಪೂರ್ತಿ ಖುಲಾಸೆ ಮಾಡಲಾಗದು. ನಮ್ಮ ಕೀಲುಗಳೆಲ್ಲ ತಿರುಗುವ ಕೀಲುಗಳು. ಮಣಿಕಟ್ಟನ್ನು ಕಾಗದಕ್ಕೆ ಊರಿ ಎಳೆದ ಗೆರೆ ಕಂಸವಾಗುವುದೇ ಸಹಜ. ನೇರ ಗೆರೆ ಬೇಕಾದರೆ ಭುಜ ಮತ್ತು ಮೊಣಕೈ ಎರಡೂ ಒಂದನ್ನೊಂದು ಸರಿದೂಗಿಸುತ್ತ ತಿರುಗಬೇಕು. ಈ ಪಾಠವನ್ನು ನಮ್ಮ ಹೆಂಗಸರು ಯಾವ ಶಾಲೆಗೂ ಹೋಗದೆ ಸೆಗಣಿ ಸಾರಿಸಿದ ಅಂಗಳದಲ್ಲಿ ಕಲಿತಿದ್ದಾರೆ. ರಂಗೋಲಿ ಹುಡಿ ಬಿಡುವ ಕೈಯನ್ನು ನೆಲಕ್ಕೆ ಊರುವಂತಿಲ್ಲ, ಊರಿದರೆ ಬರೆದದ್ದು ಅಳಿಸಿಹೋಗುತ್ತದೆ. ಹಾಗಾಗಿ ಇಡೀ ತೋಳು ಭುಜದಿಂದಲೇ ಚಲಿಸುತ್ತದೆ. ಹುಡಿಯ ಗೆರೆ ಕೈಯ ವೇಗವನ್ನೂ ದಾಖಲಿಸುತ್ತದೆ, ನಿಧಾನವಾದಲ್ಲಿ ದಪ್ಪ, ಓಡಿದಲ್ಲಿ ತೆಳು. ತೀಕ್ಷ್ಣ ತಿರುವುಗಳಲ್ಲಿ ಕೈ ತಾನಾಗಿ ನಿಧಾನಿಸುತ್ತದೆ. ವೇಗಕ್ಕೂ ತಿರುವಿಗೂ ಇರುವ ಈ ಸಂಬಂಧವನ್ನು ಇಟಲಿಯ ಸಂಶೋಧಕರು 1983ರಲ್ಲಿ ಒಂದು ಗಣಿತ ಸೂತ್ರವಾಗಿಯೇ ಬರೆದರು. ಪಳಗಿದವರು ತಿರುವು ಬಂದಾಗ ಬೆರಳ ಹಿಡಿತವನ್ನು ಚೂರು ಬಿಗಿಮಾಡುತ್ತಾರೆ, ಗೆರೆ ಉದ್ದಕ್ಕೂ ಒಂದೇ ಸಮನಾಗಿ ಬೀಳುತ್ತದೆ.

ರಂಗೋಲಿಯ ಚುಕ್ಕಿಯದು ಇನ್ನೊಂದು ಉಪಕಾರ. 1899ರಲ್ಲಿ ರಾಬರ್ಟ್ ವುಡ್‌ವರ್ತ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ, ತಾಳಯಂತ್ರದ ಬಡಿತಕ್ಕೆ ಸರಿಯಾಗಿ ಜನರಿಂದ ಪೆನ್ಸಿಲ್ ಗೆರೆ ಎಳೆಸಿದ. ಕಣ್ಣು ತೆರೆದಿದ್ದಾಗ ನಿಧಾನದ ಗೆರೆಗಳು ಹೆಚ್ಚು ಕರಾರುವಾಕ್ಕಾಗಿದ್ದವು. ಕಣ್ಣು ಮುಚ್ಚಿಸಿದರೆ ನಿಧಾನದಿಂದ ಅಂಥ ಲಾಭವಿರಲಿಲ್ಲ. ಅಂದರೆ ಚಲನೆಯಲ್ಲಿ ಎರಡು ಭಾಗವಿದೆ: ಮೊದಲ ಒಂದು ತಳ್ಳು, ಆಮೇಲೆ ಕಣ್ಣು ನೋಡಿ ಮಾಡಿಸುವ ತಿದ್ದುಪಡಿ. ಹೆದರಿ ಹೆದರಿ ಎಳೆದ ಗೆರೆ ನಡುಗಿದಂತೆ ಕಾಣುವುದು ಈ ತಿದ್ದುಪಡಿಗಳ ಗುರುತುಗಳಿಂದ. ಕಾಗದದ ಮೇಲೆ ಎರಡು ಚುಕ್ಕಿ ಇಡಿ. ಪೆನ್ಸಿಲ್ ತಾಗಿಸದೆ ಒಂದೆರಡು ಸಲ ಗಾಳಿಯಲ್ಲಿ ಕೈ ಓಡಿಸಿ. ಆಮೇಲೆ ಪೆನ್ಸಿಲಿನ ಮೊನೆಯನ್ನಲ್ಲ, ತಲುಪಬೇಕಾದ ಚುಕ್ಕಿಯನ್ನು ನೋಡುತ್ತ ಒಂದೇ ಎಳೆತದಲ್ಲಿ ಎಳೆಯಿರಿ. ಗುರಿ ಒಂದಿಷ್ಟು ತಪ್ಪಿದರೂ ಗೆರೆ ನಡುಗಿರುವುದಿಲ್ಲ. ಗುರಿ ನಿಧಾನವಾಗಿ ಕೈಗೆ ಹತ್ತುತ್ತದೆ.

ಪುಟದ ತುಂಬ ವೃತ್ತ, ಮರುದಿನ ಪುಟದ ತುಂಬ ಗೆರೆ ಎಂಬ ಅಭ್ಯಾಸಕ್ರಮದ ಬಗ್ಗೆ ನನಗೆ ತಕರಾರಿದೆ. ಜಾನ್ ಶಿಯಾ ಮತ್ತು ರಾಬಿನ್ ಮಾರ್ಗನ್ 1979ರಲ್ಲಿ ಕೈಚಲನೆಯ ಮೂರು ಕೆಲಸಗಳನ್ನು ಒಂದು ಗುಂಪಿಗೆ ಒಂದಾದ ಮೇಲೊಂದು, ಇನ್ನೊಂದು ಗುಂಪಿಗೆ ಕಲಸುಮೇಲೋಗರ ಮಾಡಿ ಕಲಿಸಿದರು. ಕಲಿಯುವಾಗ ಮೊದಲ ಗುಂಪೇ ಮುಂದಿತ್ತು. 10 ದಿನ ಬಿಟ್ಟು ನೋಡಿದಾಗ ಎರಡನೆಯ ಗುಂಪಿಗೆ ಹೆಚ್ಚು ನೆನಪಿತ್ತು. ಒಂದೇ ಪುಟದಲ್ಲಿ ಒಂದು ಗೆರೆ, ಒಂದು ದೀರ್ಘವೃತ್ತ, ಒಂದು ಎಲೆ ಎಂದು ಬೆರೆಸಿದರೆ ಪುಟ ಅಂದಗೆಡುತ್ತದೆ, ಕಲಿತದ್ದು ಉಳಿಯುತ್ತದೆ. ಚೊಕ್ಕ ಪುಟಕ್ಕೆ ಅಂಕ ಕೊಡುವ ನಮ್ಮ ಶಾಲೆಗಳಿಗೆ ಇದು ರುಚಿಸಲಿಕ್ಕಿಲ್ಲ.

ಇಷ್ಟು ಕೈಹತ್ತಿದವರಿಗೆ ಶೃಂಗೇರಿಯಲ್ಲಿ ಕಠಿಣವಾದ ಪರೀಕ್ಷೆಯೊಂದು ಕಾದಿದೆ. 14ನೇ ಶತಮಾನದ ವಿದ್ಯಾಶಂಕರ ದೇವಾಲಯದ ಎರಡೂ ತುದಿಗಳು ಬಾಗಿವೆ, ಹಿಡಿದುಕೊಳ್ಳಲು ಚೌಕ ಕಟ್ಟಡದ ಮೂಲೆಯಂಥದ್ದು ಕಣ್ಣಿಗೆ ಸುಲಭವಾಗಿ ಸಿಗುವುದಿಲ್ಲ. ಮೊದಲೇ ಶಿಲ್ಪಗಳಿಗೆ ಕೈಹಾಕಿದವರು ಸೋಲುತ್ತಾರೆ. ಅಧಿಷ್ಠಾನದ ಕೆಳಗಿನ ಪಟ್ಟಿಕೆಗಳು ಕೆಳಕ್ಕೆ ಬಾಗಿ, ಸೂರಿನ ಸಾಲು ಮೇಲಕ್ಕೆ ಬಾಗಿರುವುದನ್ನು ಮೊದಲು ಹಿಡಿದರೆ ಕಟ್ಟಡ ನಿಲ್ಲುತ್ತದೆ. ಅದು ಅಡಿಕೆ ಮರದ ಲೆಕ್ಕವೇ, ಗಾತ್ರ ದೊಡ್ಡದು.

ಇದೆಲ್ಲ ಬಿಸಿಲಿರುವ ತಿಂಗಳುಗಳ ಮಾತು. ಆಷಾಢ ಹಿಡಿದರೆ ಇಲ್ಲಿ ಕಾಗದವೂ ನೀರು ಕುಡಿದು ಮೆತ್ತಗಾಗುತ್ತದೆ, ಗಟ್ಟಿ ಪೆನ್ಸಿಲ್ ಅದನ್ನು ಗೀಚಿ ಹರಿಯುತ್ತದೆ. 2ಬಿ ಪೆನ್ಸಿಲ್ ಹಿಡಿದು ಒಲೆಯ ಬಳಿ ಕೂತು ಚೊಂಬು ಬರೆಯುವುದು ಲೇಸು. ಬಾಯಿಯನ್ನು ಎಲ್ಲರೂ ದೀರ್ಘವೃತ್ತವಾಗಿ ಬರೆಯುತ್ತಾರೆ, ತಳಕ್ಕೆ ಬಂದಾಗ ನೆಲ ಸಮತಟ್ಟು ಎಂಬುದು ನೆನಪಾಗಿ ನೇರ ಗೆರೆ ಎಳೆದುಬಿಡುತ್ತಾರೆ. ತಳ ಬಾಯಿಗಿಂತಲೂ ಕಣ್ಣಿನ ಮಟ್ಟದಿಂದ ಕೆಳಗಿದೆ. ಆದ್ದರಿಂದ ಅದರ ಬಾಗು ಬಾಯಿಯದಕ್ಕಿಂತ ಹೆಚ್ಚಾಗಿರಬೇಕು.